ಒಗರು ಒಲ್ಲದವರಿಗೆ ಸಿಹಿ ವೈನ್: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಕಾಫಿ ವ್ಯಾಪಾರದಲ್ಲಿ ನುರಿತವರಿಗೆ ರುಚಿಯ ಭೇದವನ್ನು ವಿವರಿಸಬೇಕಾಗಿಲ್ಲ. ಅರೇಬಿಕಾದ ಹುಳಿ, ರೋಬಸ್ಟಾದ ಕಹಿ, ಚಿಕೋರಿಯ ಗಾಢತೆ ಇವನ್ನು ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ವರ್ತಕರು ಒಂದೇ ಗುಟುಕಿನಲ್ಲಿ ಗುರುತಿಸಬಲ್ಲರು. ಆದರೆ ಪರವೂರಿನ ಖರೀದಿದಾರರ ಸತ್ಕಾರಕ್ಕೆ ಅಥವಾ ಉಡುಗೊರೆಗೆ ವೈನ್ ಕೊಳ್ಳುವಾಗ ಇವರಲ್ಲಿ ಹಲವರು ಬೆಲೆಯನ್ನೇ ಗುಣವೆಂದು ಭಾವಿಸುತ್ತಾರೆ. ದುಬಾರಿ ಬಾಟಲಿಯಿಂದ ಒಂದು ಗುಟುಕು ಸವಿದ ಅತಿಥಿ ಮುಖ ಕಿವುಚಿ ಲೋಟವನ್ನು ಬದಿಗಿಟ್ಟರೆ ಹಣವೂ ವ್ಯರ್ಥ, ಸತ್ಕಾರವೂ ಅಪೂರ್ಣ.

ಸಿಹಿ ಉಳಿಯುವ ಬಗೆ

ದ್ರಾಕ್ಷಾರಸದಲ್ಲಿನ ಸಕ್ಕರೆಯನ್ನು ಯೀಸ್ಟ್ ಮದ್ಯಸಾರವಾಗಿ ಪರಿವರ್ತಿಸುತ್ತದೆ. ಲೀಟರಿನಲ್ಲಿರುವ ಸುಮಾರು 17 ಗ್ರಾಂ ಸಕ್ಕರೆಯಿಂದ ಶೇ. 1ರಷ್ಟು ಮದ್ಯಸಾರ ಉಂಟಾಗುತ್ತದೆ. ಸಕ್ಕರೆ ಬಹುತೇಕ ಮುಗಿದರೆ ಅದು ‘ಡ್ರೈ’ ವೈನ್. ಉಳಿದರೆ ಸಿಹಿ ವೈನ್. ಐರೋಪ್ಯ ಒಕ್ಕೂಟದ ನಿಯಮದಂತೆ ಸಾಧಾರಣವಾಗಿ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆಯಿದ್ದರೆ ‘ಡ್ರೈ’, ಕನಿಷ್ಠ 45 ಗ್ರಾಂ ಇದ್ದರೆ ‘ಸ್ವೀಟ್’.

‘ಡ್ರೈ ನನಗೆ ಆಗದು’ ಎನ್ನುವವರಲ್ಲಿ ಅನೇಕರಿಗೆ ಒಗ್ಗದಿರುವುದು ಸಕ್ಕರೆಯ ಅಭಾವಕ್ಕಿಂತ ಹೆಚ್ಚಾಗಿ ಒಗರು. ಕೆಂಪು ವೈನಿಗೆ ದ್ರಾಕ್ಷಿಯ ಸಿಪ್ಪೆ ಹಾಗೂ ಬೀಜಗಳಿಂದ ಬರುವ ಟ್ಯಾನಿನ್ ಇದಕ್ಕೆ ಕಾರಣ. ಅಂಥವರಿಗೆ ಕೆಂಪಿಗಿಂತ ಬಿಳಿ ವೈನ್ ಮೇಲು.

ಲೇಬಲ್ಲಿನ ಭಾಷೆ

ಹಣ್ಣಿನ ಪರಿಮಳವೇ ಸಿಹಿಯಲ್ಲ. ಘಮಘಮಿಸುವ ವೈನ್ ಕೂಡ ಸಂಪೂರ್ಣ ಡ್ರೈ ಆಗಿರಬಹುದು. ನೊರೆಯುಕ್ಕುವ ಸ್ಪಾರ್ಕ್ಲಿಂಗ್ ವೈನುಗಳಲ್ಲಿ ಮತ್ತೊಂದು ತೊಡಕಿದೆ. ಅಲ್ಲಿ ‘ಬ್ರೂಟ್’ ಎಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. ‘ಎಕ್ಸ್‌ಟ್ರಾ ಡ್ರೈ’ ಎಂಬುದು ಹೆಸರಿಗೆ ವಿರುದ್ಧವಾಗಿ ಬ್ರೂಟ್‌ಗಿಂತ ತುಸು ಸಿಹಿ. ನಿಜವಾಗಿ ಸಿಹಿ ಬೇಕಾದವರು 32ರಿಂದ 50 ಗ್ರಾಂ ಸಕ್ಕರೆಯಿರುವ ‘ಡೆಮಿ ಸೆಕ್’ ಕೇಳಬೇಕು.

ಆಯ್ಕೆಗೆ ಮೂರು ದಾರಿಗಳಿವೆ. ಮೊದಲನೆಯದು ಇಟಲಿಯ ಮೊಸ್ಕಾತೊ ದಸ್ತಿಯಂಥ, ಶೇ. 5ರ ಆಸುಪಾಸಿನ ಮದ್ಯಸಾರವುಳ್ಳ ಹಗುರ ವೈನ್; ಹೊಸಬರಿಗೆ ಇದು ಸೂಕ್ತ. ಎರಡನೆಯದು, ಹಣ್ಣನ್ನು ಬಳ್ಳಿಯಲ್ಲೇ ಹೆಚ್ಚು ಮಾಗಿಸಿ ತಯಾರಿಸುವ ‘ಲೇಟ್ ಹಾರ್ವೆಸ್ಟ್’. ನಾಸಿಕದಲ್ಲಿಯೂ ಇದು ತಯಾರಾಗಿದೆ. ಮೂರನೆಯದು ಪೋರ್ಟ್. ಪೋರ್ಚುಗಲ್ಲಿನ ಪೋರ್ಟಿನಲ್ಲಿ ಹುದುಗುವಿಕೆಯ ನಡುವೆಯೇ ದ್ರಾಕ್ಷಿಯ ಮದ್ಯಸಾರ ಬೆರೆಸಿ ಸಿಹಿಯನ್ನು ಉಳಿಸಲಾಗುತ್ತದೆ. ಮದ್ಯಸಾರ ಸಾಮಾನ್ಯವಾಗಿ ಶೇ. 20ರಷ್ಟು. ನಮ್ಮ ದೇಶದಲ್ಲಿ ಪೋರ್ಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಅಗ್ಗದ ಕೆಂಪು ಸಿಹಿ ವೈನ್ ಬಹುಮಟ್ಟಿಗೆ ಬೇರೆಯೇ ಸರಕು. 2013ರಲ್ಲಿ ಭೌಗೋಳಿಕ ಸೂಚಕ ಪಡೆದ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯಿಂದಲೂ ಇಂಥ ವೈನ್ ತಯಾರಾಗುತ್ತದೆ. ಇದನ್ನು ಕೀಳೆಂದು ತಳ್ಳಬೇಕಾಗಿಲ್ಲ. ಆದರೆ ಬೆಲೆ ಕೊಡುವಾಗ ವ್ಯತ್ಯಾಸದ ಅರಿವಿರಬೇಕು.

ಸಿಹಿ ವೈನನ್ನು ತಣ್ಣಗೆ, ಸಣ್ಣ ಲೋಟದಲ್ಲಿ ನೀಡುವುದು ರೂಢಿ. ಆದ್ದರಿಂದ 375 ಮಿ.ಲೀ. ಬಾಟಲಿ ದೊರೆತರೆ ಲಾಭಕರ. ಮಲೆನಾಡಿನ ಖಾರದ ಕೋಳಿಸಾರಿನೊಂದಿಗೆ ಹಗುರ ಸಿಹಿ ವೈನ್ ಒಪ್ಪುತ್ತದೆ. ಒಗರು ಹಾಗೂ ಹೆಚ್ಚಿನ ಮದ್ಯಸಾರ ಖಾರವನ್ನು ಕೆರಳಿಸುತ್ತವೆ. ಮಧುಮೇಹಿಗಳ ವಿಷಯದಲ್ಲಿ ಲೆಕ್ಕ ಸ್ಪಷ್ಟವಾಗಿರಲಿ: ಲೀಟರಿಗೆ 100 ಗ್ರಾಂ ಸಕ್ಕರೆಯ ವೈನಿನ 75 ಮಿ.ಲೀ. ಲೋಟದಲ್ಲಿ ಏಳೂವರೆ ಗ್ರಾಂ ಸಕ್ಕರೆ ಇರುತ್ತದೆ. ಮದ್ಯಸಾರದ ಪರಿಣಾಮ ಇದಕ್ಕೆ ಹೊರತಾದುದು.

ಲೆಕ್ಕ ಮತ್ತು ಕಾನೂನು

ಸಿಹಿ ವೈನೆಂದರೆ ‘ಹೋಂಮೇಡ್ ವೈನ್’ ಎಂಬ ಭಾವನೆ ನಮ್ಮಲ್ಲಿದೆ. ಇಲ್ಲಿ ಹೋಂಸ್ಟೇ ಮತ್ತು ಮಳಿಗೆ ನಡೆಸುವ ಬಾಂಧವರು ವಿಶೇಷ ಎಚ್ಚರ ವಹಿಸಬೇಕು. ಕರ್ನಾಟಕ ಅಬಕಾರಿ ಕಾಯಿದೆ, 1965ರ ಅಡಿಯಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದೂ ಮಾರುವುದೂ ಅಪರಾಧ; ಹಣ್ಣಿನಿಂದ ಹುದುಗಿಸಿದ ಮಾತ್ರಕ್ಕೆ ವಿನಾಯಿತಿ ದೊರೆಯುವುದಿಲ್ಲ. ಅತಿಥಿಗೆ ‘ಉಚಿತ’ವೆಂದು ನೀಡಿ ಅದರ ಬೆಲೆಯನ್ನು ಕೊಠಡಿಯ ದರದಲ್ಲಿ ಸೇರಿಸುವುದು ಸುರಕ್ಷಿತ ಮಾರ್ಗವಲ್ಲ. ವರ್ಷಗಳ ಶ್ರಮದಿಂದ ಕಟ್ಟಿದ ವ್ಯವಹಾರವನ್ನು ಕೆಲವು ಬಾಟಲಿಗಳ ಲಾಭಕ್ಕಾಗಿ ಪಣಕ್ಕಿಡುವುದು ಯಾವ ಲೆಕ್ಕದಲ್ಲೂ ಸಲ್ಲದು. ಇದನ್ನೇ ಉದ್ಯಮವಾಗಿಸಬಯಸುವವರು 2007ರ ರಾಜ್ಯ ವೈನ್ ನೀತಿಯ ಹಿನ್ನೆಲೆಯನ್ನು ಅರಿತು, ಪರವಾನಗಿ ಪಡೆದೇ ಮುಂದುವರಿಯಬೇಕು.

ಇನ್ನು ತೆರಿಗೆಯ ಮಾತು. ಮಾನವ ಸೇವನೆಯ ಮದ್ಯ ಜಿಎಸ್‌ಟಿಯ ವ್ಯಾಪ್ತಿಯಲ್ಲಿಲ್ಲ. ಆದ್ದರಿಂದ ವೈನ್ ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆಯ ಪ್ರಶ್ನೆಯೇ ಉದ್ಭವಿಸದು. ಬಾಟಲಿಯ ಪೂರ್ಣ ಬೆಲೆಯೇ ತಮ್ಮ ವೆಚ್ಚ. ಪರವಾನಗಿ ಪಡೆದ ಮಳಿಗೆಯಿಂದಲೇ ಕೊಂಡು, ಬಿಲ್ಲನ್ನು ಜೋಪಾನವಾಗಿರಿಸಿ, ಸತ್ಕಾರದ ವೆಚ್ಚವನ್ನು ಮನೆಯ ಖರ್ಚಿನಿಂದ ಬೇರ್ಪಡಿಸಿ ಬರೆಯುವುದು ಕ್ಷೇಮ.

ಅತಿಥಿಯ ನಾಲಿಗೆಗೆ ಹಿತವಾದುದೇ ಒಳ್ಳೆಯ ವೈನ್. ಮಾರುವವನನ್ನು ‘ಯಾವುದು ದುಬಾರಿ?’ ಎಂದು ಕೇಳುವ ಬದಲು ‘ಲೀಟರಿಗೆ ಸಕ್ಕರೆ ಎಷ್ಟು, ಮದ್ಯಸಾರ ಎಷ್ಟು?’ ಎಂದು ಕೇಳುವ ರೂಢಿಯನ್ನು ನಮ್ಮ ವರ್ತಕ ಬಾಂಧವರು ಬೆಳೆಸಿಕೊಂಡರೆ ಹಣಕ್ಕೆ ತಕ್ಕ ಬೆಲೆ ದೊರೆಯುವುದರಲ್ಲಿ ಸಂದೇಹವಿಲ್ಲ.