ಊರ ಕೆರೆಯೊಳಗೆ ಅಡಗಿರುವ ಮಹಾನೆರೆ!

ದೊಡ್ಡಬಳ್ಳಾಪುರದ ಕಡೆ ಒಂದು ಸಾಧಾರಣ ಊರ ಕೆರೆ ಅಂದುಕೊಳ್ಳಿ. ಮಣ್ಣಿನ ಏರಿ. ಏರಿಯ ಹತ್ತಿರ 5 ಮೀಟರ್ ಆಳ. ಒಟ್ಟು ನೀರು 10 ಲಕ್ಷ ಘನ ಮೀಟರ್. ಕೋಡಿ ಬಿದ್ದಿದೆ. ಈಗ ಏರಿ ಒಡೆದರೆ ಎಷ್ಟು ರಭಸದಲ್ಲಿ ನೀರು ನುಗ್ಗೀತು? ಊಹಿಸಿ!

ನೂರು ಕ್ಯೂಸೆಕ್? ಸಾವಿರ? ಇನ್ನೂ ಮೇಲೆ ಹೋಗಿ!

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆ ಒಂದು ಕಿಂಡಿಯಿಂದ ಹರಿದದ್ದು ಸುಮಾರು 35,000 ಕ್ಯೂಸೆಕ್. ನಮ್ಮ ಕೆರೆಯಂಥ 3,000 ಕೆರೆಗಳನ್ನು ತುಂಬಿಸುವಷ್ಟು ನೀರು ಹಿಡಿಯುವ ಜಲಾಶಯ ಅದು! ನಮ್ಮ ಪುಟ್ಟ ಕೆರೆಯ ಲೆಕ್ಕವೋ? 9,000 ಕ್ಯೂಸೆಕ್‌ಗೂ ಹೆಚ್ಚು! ಆ ಗೇಟಿನ ಕಾಲು ಭಾಗ!

ನಿಜವಾಗಿ ಒಡೆದ ಅಣೆಗಳ ದಾಖಲೆಗಳಿಂದ ಅಮೆರಿಕದ ಎಂಜಿನಿಯರ್ ಡೇವಿಡ್ ಫ್ರೋಲಿಕ್ 1995ರಲ್ಲಿ ಕೊಟ್ಟ ಸೂತ್ರ ಹೇಳುವ ಅಂದಾಜು ಇದು. ಬೇಕಾದದ್ದು ಎರಡೇ ಅಂಕಿ. ನೀರಿನ ಆಳ, ನೀರಿನ ಮೊತ್ತ.

ಇವೆರಡರಲ್ಲಿ ಯಾವುದರ ಕೈ ಮೇಲು? ಮೊತ್ತ ಎಂದಿರಾ? ತಪ್ಪು! ಮೊತ್ತ ಇಮ್ಮಡಿಯಾದರೆ ಗರಿಷ್ಠ ಹರಿವು ಏರುವುದು ಬರೀ ಶೇ. 23. ಆಳ ಇಮ್ಮಡಿಯಾದರೆ? ಎರಡೂಕಾಲು ಪಟ್ಟಿಗೂ ಮೀರುತ್ತದೆ!

ತಾಳಿ, ನನ್ನನ್ನು ಬೆರಗುಗೊಳಿಸಿದ್ದು ಮುಂದಿದೆ. ಏರಿಯಿಂದ ಕೆಳಗಿಳಿಯುತ್ತ ಹೋದಂತೆ ಆಟವೇ ತಿರುಗುತ್ತದೆ! ಅಲ್ಲಿ ಗೆಲ್ಲುವುದು ಮೊತ್ತ. ನೆರೆ ಗದ್ದೆ, ತೋಪು, ತಗ್ಗುಗಳಿಗೆ ಹರಡಿ ನಿಲ್ಲುತ್ತ ಸಾಗುತ್ತದೆ. ಹಿಂದಿನಿಂದ ತಳ್ಳುವ ನೀರು ಇದ್ದಷ್ಟು ಹೊತ್ತೇ ಅದರ ಜೋರು. ನಮ್ಮ ಕೆರೆಯಲ್ಲಿ ಅದು ಒಂದೆರಡು ಗಂಟೆಯಲ್ಲೇ ಮುಗಿದೀತು! ತುಂಗಭದ್ರೆಯ ಕಿಂಡಿಯೋ ಹೆಚ್ಚುಕಡಿಮೆ ವಾರವಿಡೀ ಹರಿಯಿತು.

ದೊಡ್ಡ ಜಲಾಶಯ ಒಡೆದರೆ ಗರಿಷ್ಠ ಹರಿವು ಅರ್ಧಕ್ಕಿಳಿಯಲು ಎಷ್ಟು ದೂರ ಬೇಕು? 5 ಕಿ.ಮೀ.? 10? ಅಮೆರಿಕದ ಬ್ಯೂರೊ ಆಫ್ ರೆಕ್ಲಮೇಷನ್ 1982ರಲ್ಲಿ ಕೊಟ್ಟ, ಕೈಲೆಕ್ಕದಲ್ಲೇ ಮಾಡಬಹುದಾದ ಸೂತ್ರದ ಉತ್ತರ 48 ಕಿ.ಮೀ.! ಅಪಾಯವನ್ನು ಕಡಿಮೆ ಎಣಿಸಬಾರದೆಂದೇ ಇಟ್ಟುಕೊಂಡ ಎಚ್ಚರದ ಲೆಕ್ಕ ಅದು. ಸಣ್ಣ ಕೆರೆಯ ನೆರೆ ಇದಕ್ಕಿಂತ ಬಹುಬೇಗ ಬಳಲುತ್ತದೆ.

ಹಾಗಾದರೆ ನಿಶ್ಚಿಂತೆಯೇ? ಅಲ್ಲವೇ ಅಲ್ಲ! ನಂದಿಬೆಟ್ಟದಿಂದ ದೊಡ್ಡಬಳ್ಳಾಪುರದ ಮೇಲೆ ಹೆಸರಘಟ್ಟಕ್ಕೆ ಇಳಿಯುವ ಅರ್ಕಾವತಿಯ ಬಯಲು ಕೆರೆಗಳ ಸರಪಳಿ. ಕೆಳಗಿನ ಕೆರೆಯಲ್ಲಿ ಜಾಗವಿದ್ದರೆ ಬಂದ ನೆರೆಯನ್ನು ಅದು ನುಂಗಿಕೊಳ್ಳಬಲ್ಲದು! ಅದೂ ತುಂಬಿದ್ದರೆ? ಕೋಡಿ ಸಾಲದೆ ನೀರು ಏರಿ ಹತ್ತಿ ಹರಿದು, ಆ ಏರಿಯೂ ಒಡೆದೀತು. ಆಗ ಸೊರಗುತ್ತಿದ್ದ ನೆರೆ ಎರಡು ಕೆರೆಯ ನೀರು ಹೊತ್ತು ಮೂರನೆಯದರತ್ತ ಓಡುತ್ತದೆ!