ಒಪ್ಪಂದದಿಂದ ಸುಂಕದ ಕಟ್ಟೆಯವರೆಗೆ

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ಹೇರೆತ್ತುಗಳನ್ನು ಹೊಡೆದುಕೊಂಡು ಸಂತೆಗೆ ಹೊರಟ ವ್ಯಾಪಾರಿಯು ಸುಂಕದ ಕಟ್ಟೆಯಲ್ಲಿ ನಿಂತು ತನ್ನ ಕಷ್ಟವನ್ನು ಎಷ್ಟು ತೋಡಿಕೊಂಡರೂ ಸುಂಕದವನ ಮನಸ್ಸು ಕರಗದು. ಅವನು ಕಲ್ಲೆದೆಯವನೆಂದು ಗಾದೆ ಕಟ್ಟಿದವರು ಭಾವಿಸಿರಬಹುದು. ಆದರೆ ಅವನ ಕಡೆಯಿಂದಲೂ ಸ್ವಲ್ಪ ಯೋಚಿಸಬೇಕು. ಅವನು ತನ್ನ ಇಚ್ಛೆಯಂತೆ ಸುಂಕವನ್ನು ಬಿಡಲಾರ. ಕೈಯಲ್ಲಿರುವ ನಿಯಮದ ಪುಸ್ತಕ ಹೇಳಿದಂತೆ ನಡೆಯತಕ್ಕವನು. ಇಬ್ಬರು ಅರಸರು ಸ್ನೇಹದಿಂದ ಆಲಿಂಗಿಸಿಕೊಂಡು 'ಇನ್ನು ಮುಂದೆ ನಮ್ಮ ನಡುವೆ ಸುಂಕವಿಲ್ಲ' ಎಂದು ಸಾರಿದರೂ, ಆ ಪುಸ್ತಕ ಬದಲಾಗುವವರೆಗೆ ವ್ಯಾಪಾರಿಯ ಪಾಲಿಗೆ ಏನೂ ಬದಲಾಗಿರುವುದಿಲ್ಲ.

ಇಂದು ಪ್ರಪಂಚದ ಅನೇಕ ಭಾಗಗಳಲ್ಲಿ ನೆರೆಹೊರೆಯ ರಾಷ್ಟ್ರಗಳು ಒಂದುಗೂಡಿ, ತಮ್ಮ ನಡುವಣ ಸುಂಕಗಳನ್ನು ತೆಗೆದುಹಾಕಿ, ಸರಕುಗಳೂ ಜನರೂ ಸರಾಗವಾಗಿ ಸಂಚರಿಸುವಂತೆ ಮಾಡಲು ಒಪ್ಪಂದ ಮಾಡಿಕೊಂಡಿವೆ. ಇದಕ್ಕೆ ಪ್ರಾದೇಶಿಕ ಆರ್ಥಿಕ ಏಕೀಕರಣವೆಂದು ಹೆಸರು. ಒಪ್ಪಂದಕ್ಕೆ ಸಹಿ ಹಾಕಲು ಒಂದು ದಿನ ಸಾಕು. ಅದನ್ನು ಪ್ರತಿಯೊಂದು ರಾಷ್ಟ್ರವೂ ತನ್ನ ನೆಲದಲ್ಲಿ ಆಚರಣೆಗೆ ತರಲು ಎಷ್ಟು ಕಾಲ ಬೇಕು, ಎಷ್ಟು ಶ್ರಮ ಬೇಕು ಎಂಬುದನ್ನು ಪೂರ್ವ ಆಫ್ರಿಕಾದ ಅನುಭವದಿಂದ ತಿಳಿಯಬಹುದು.

ಆಫ್ರಿಕಾ ಖಂಡದ ಪೂರ್ವಭಾಗದಲ್ಲಿ ಕೀನ್ಯಾ, ಉಗಾಂಡಾ, ಟಾಂಜಾನಿಯಾ ಎಂಬ ಮೂರು ರಾಷ್ಟ್ರಗಳು ಒಂದಕ್ಕೊಂದು ಹೊಂದಿಕೊಂಡಿವೆ. ಕೀನ್ಯಾ ಮತ್ತು ಟಾಂಜಾನಿಯಾಗಳಿಗೆ ಹಿಂದೂ ಮಹಾಸಾಗರದ ತೀರವಿದೆ. ಉಗಾಂಡಾಕ್ಕೆ ಸಮುದ್ರವೇ ಇಲ್ಲ. ಅದರ ಸರಕುಗಳಲ್ಲಿ ಹೆಚ್ಚಿನ ಪಾಲು ಕೀನ್ಯಾದ ಮೊಂಬಾಸಾ ಬಂದರಿನ ಮೂಲಕವೇ ಬರಬೇಕು, ಹೋಗಬೇಕು. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗಿನ ರೈಲುಮಾರ್ಗವನ್ನು 1896ರಿಂದ 1901ರ ಅವಧಿಯಲ್ಲಿ ಬ್ರಿಟಿಷರು ನಿರ್ಮಿಸಿದರು. ಅದಕ್ಕಾಗಿ ಬೆವರು ಸುರಿಸಿದವರಲ್ಲಿ ನಮ್ಮ ದೇಶದಿಂದ ಹೋದ 30,000ಕ್ಕೂ ಹೆಚ್ಚು ಮಂದಿ ಕೂಲಿಕಾರರಿದ್ದರು. ಹೀಗೆ ಒಂದೇ ಹಳಿ, ಒಂದೇ ಬಂದರು, ಒಂದೇ ಸರೋವರ ಈ ನಾಡುಗಳನ್ನು ಮೊದಲೇ ಬೆಸೆದಿದ್ದವು.

ಸ್ವಾತಂತ್ರ್ಯ ಪಡೆದ ಬಳಿಕ ಈ ಮೂರು ರಾಷ್ಟ್ರಗಳು 1967ರಲ್ಲಿ ಪೂರ್ವ ಆಫ್ರಿಕಾ ಸಮುದಾಯವನ್ನು ಸ್ಥಾಪಿಸಿಕೊಂಡವು. ರೈಲು, ಬಂದರು, ಅಂಚೆ, ವಿಮಾನಯಾನ ಇವೆಲ್ಲವೂ ಮೂವರಿಗೂ ಸೇರಿದ್ದವು. ಆದರೆ ಹತ್ತು ವರ್ಷ ತುಂಬುವಷ್ಟರಲ್ಲಿ, 1977ರಲ್ಲಿ, ಸಮುದಾಯ ಮುರಿದುಬಿತ್ತು. ಲಾಭದ ದೊಡ್ಡ ಪಾಲು ಕೀನ್ಯಾಕ್ಕೇ ಸೇರುತ್ತಿದೆಯೆಂದು ಉಳಿದವರು ನೊಂದುಕೊಂಡರು. ಕೀನ್ಯಾದ ಆರ್ಥಿಕ ನೀತಿ ಒಂದು ಬಗೆ, ಸಮಾಜವಾದವನ್ನು ನಂಬಿದ ಟಾಂಜಾನಿಯಾದ ನೀತಿ ಇನ್ನೊಂದು ಬಗೆ. 1971ರಲ್ಲಿ ಉಗಾಂಡಾದಲ್ಲಿ ಸೇನಾಬಲದಿಂದ ಅಧಿಕಾರ ಹಿಡಿದ ಇದಿ ಅಮೀನನೊಡನೆ ಕುಳಿತು ಮಾತನಾಡಲು ಟಾಂಜಾನಿಯಾದ ಅಧ್ಯಕ್ಷ ಜೂಲಿಯಸ್ ನೈರೇರೆ ಒಪ್ಪಲಿಲ್ಲ. ಮೂವರು ಅಧ್ಯಕ್ಷರು ಕೂಡಿ ನಿರ್ಧರಿಸಬೇಕಾದ ಸಭೆಯೇ ನಿಂತುಹೋಯಿತು. ಟಾಂಜಾನಿಯಾ ಕೀನ್ಯಾದೊಡನಿರುವ ತನ್ನ ಗಡಿಯನ್ನು ಮುಚ್ಚಿತು. ಅದು ಮತ್ತೆ ತೆರೆದದ್ದು 1983ರಲ್ಲಿ. ಒಂದು ಮನೆಯ ಅಣ್ಣತಮ್ಮಂದಿರು ಬೇರೆಯಾದಂತೆ, ಆಸ್ತಿಪಾಸ್ತಿಯನ್ನು ಹಂಚಿಕೊಳ್ಳುವ ಒಪ್ಪಂದವೇ 1984ರವರೆಗೆ ಎಳೆಯಿತು.

ಆದರೂ ಒಂದಾಗಿ ಬಾಳಬೇಕೆಂಬ ಹಂಬಲ ಅಳಿಯಲಿಲ್ಲ. 1999ರ ನವೆಂಬರ್ 30ರಂದು ಟಾಂಜಾನಿಯಾದ ಅರುಷಾ ನಗರದಲ್ಲಿ ಮೂರು ರಾಷ್ಟ್ರಗಳು ಹೊಸ ಒಪ್ಪಂದಕ್ಕೆ ಸಹಿ ಹಾಕಿದವು. ಮುಂದೆ ರುವಾಂಡಾ, ಬುರುಂಡಿ, ದಕ್ಷಿಣ ಸೂಡಾನ್, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ, ಸೊಮಾಲಿಯಾಗಳೂ ಸೇರಿ, 2024ರ ವೇಳೆಗೆ ಸದಸ್ಯರ ಸಂಖ್ಯೆ ಎಂಟಕ್ಕೆ ಏರಿತು. ಮೊದಲು ಸುಂಕದ ಒಕ್ಕೂಟ, ಅನಂತರ ಸಾಮಾನ್ಯ ಮಾರುಕಟ್ಟೆ, ಆಮೇಲೆ ಒಂದೇ ನಾಣ್ಯ, ಕಟ್ಟಕಡೆಗೆ ರಾಜಕೀಯ ಒಕ್ಕೂಟ ಎಂದು ನಾಲ್ಕು ಮೆಟ್ಟಿಲುಗಳನ್ನು ಗೊತ್ತುಮಾಡಿಕೊಂಡರು.

ಹಿಂದಿನ ಕಹಿ ಅನುಭವದಿಂದ ಪಾಠ ಕಲಿತಿದ್ದ ಅವರು, ಸಹಿಯಾದ ಹನ್ನೆರಡು ತಿಂಗಳೊಳಗೆ ಪ್ರತಿಯೊಂದು ರಾಷ್ಟ್ರವೂ ಒಪ್ಪಂದವನ್ನು ಜಾರಿಗೊಳಿಸಲು ಬೇಕಾದ ಶಾಸನವನ್ನು ಮಾಡಿಕೊಳ್ಳತಕ್ಕದ್ದೆಂದು ಒಪ್ಪಂದದಲ್ಲಿಯೇ ಬರೆದರು. ಇದು ಏಕೆ ಅವಶ್ಯಕ? ಅಧ್ಯಕ್ಷರ ಸಹಿ ಒಂದು ರಾಷ್ಟ್ರವು ಇನ್ನೊಂದು ರಾಷ್ಟ್ರಕ್ಕೆ ಕೊಡುವ ವಚನ. ಆದರೆ ನ್ಯಾಯಾಲಯಗಳೂ ಅಧಿಕಾರಿಗಳೂ ದಿನನಿತ್ಯ ನಡೆಯುವುದು ದೇಶದ ಶಾಸನದಂತೆ. ಆದುದರಿಂದ ವಚನವನ್ನು ಸಂಸತ್ತು ಶಾಸನವಾಗಿ ಮಾರ್ಪಡಿಸಬೇಕು. ಕೀನ್ಯಾದ ಸಂಸತ್ತು 2000ದಲ್ಲಿ ಅಂಥ ಶಾಸನವನ್ನು ಮಾಡಿತು. ಉಳಿದವರೂ ಆ ದಾರಿಯನ್ನೇ ಹಿಡಿದರು.

2005ರ ಜನವರಿ 1ರಂದು ಸುಂಕದ ಒಕ್ಕೂಟ ಆರಂಭವಾಯಿತು. ಹೊರಗಿನಿಂದ ಬರುವ ಸರಕಿಗೆ ಎಲ್ಲರೂ ಒಂದೇ ದರವನ್ನು ವಿಧಿಸಬೇಕು: ಕಚ್ಚಾವಸ್ತುವಿಗೆ ಸುಂಕವಿಲ್ಲ, ಅರೆಸಿದ್ಧ ವಸ್ತುವಿಗೆ ನೂರಕ್ಕೆ 10, ಸಿದ್ಧವಸ್ತುವಿಗೆ ನೂರಕ್ಕೆ 25. (2022ರಲ್ಲಿ ಕೆಲವು ವಸ್ತುಗಳಿಗೆ ನೂರಕ್ಕೆ 35ರ ದರವೂ ಸೇರಿತು.) ತಮ್ಮ ತಮ್ಮೊಳಗಿನ ವ್ಯಾಪಾರದ ಸುಂಕವನ್ನು ತೆಗೆಯುವಾಗ ಹಳೆಯ ಅಸಮಾಧಾನವನ್ನು ಮರೆಯಲಿಲ್ಲ. ಕೈಗಾರಿಕೆಯಲ್ಲಿ ಮುಂದಿದ್ದ ಕೀನ್ಯಾವು ನೆರೆಯವರ ಸರಕಿಗೆ ಒಡನೆಯೇ ಬಾಗಿಲು ತೆರೆಯಿತು. ಕೀನ್ಯಾದ ಕೆಲವು ಸರಕುಗಳ ಮೇಲಣ ಸುಂಕವನ್ನು ಮಾತ್ರ ಉಗಾಂಡಾ ಮತ್ತು ಟಾಂಜಾನಿಯಾಗಳು ಐದು ವರ್ಷಗಳಲ್ಲಿ ಹಂತಹಂತವಾಗಿ ಇಳಿಸಿದವು. ದುರ್ಬಲನಿಗೆ ಸಾವರಿಸಿಕೊಳ್ಳಲು ಕಾಲ ಕೊಡುವುದೂ ಮಾತನ್ನು ಉಳಿಸಿಕೊಳ್ಳುವ ಒಂದು ವಿವೇಕವೇ.

ಶಾಸನದ ಬಳಿಕ ಮುಂಗಡಪತ್ರದ ಸರದಿ. ಈ ರಾಷ್ಟ್ರಗಳ ಅರ್ಥಸಚಿವರು ಜೂನ್ ತಿಂಗಳಲ್ಲಿ ಒಂದೇ ದಿನ ಮುಂಗಡಪತ್ರವನ್ನು ಮಂಡಿಸುವ ಪರಿಪಾಠವನ್ನು ಬೆಳೆಸಿಕೊಂಡಿದ್ದಾರೆ. ಇದು ಐಕ್ಯದ ಲಕ್ಷಣವೆಂಬುದು ನಿಜ. ಆದರೆ ಅದೇ ಕಾಲದಲ್ಲಿ ಒಂದೊಂದು ರಾಷ್ಟ್ರವೂ ಕೆಲವು ಸರಕುಗಳಿಗೆ ಸಾಮಾನ್ಯ ದರವನ್ನು ಒಂದು ವರ್ಷದ ಮಟ್ಟಿಗೆ ಅನ್ವಯಿಸದಿರಲು ಅನುಮತಿ ಬೇಡುವುದೂ ಉಂಟು. ತನ್ನ ಸಕ್ಕರೆ, ತನ್ನ ಅಕ್ಕಿ, ತನ್ನ ಉಕ್ಕನ್ನು ಕಾಪಾಡಿಕೊಳ್ಳಬೇಕೆಂಬ ಆಸೆ ಸಹಜವೇ. ಆದರೆ ಎಲ್ಲರೂ ತಮಗೆ ಬೇಕಾದಲ್ಲಿ ಒಂದೊಂದು ಕಿಂಡಿಯನ್ನು ತೆರೆದರೆ ಗೋಡೆ ಗೋಡೆಯಾಗಿ ಉಳಿಯುವುದೆ?

ಇನ್ನು ಗಡಿಯ ಮಾತು. ಕೀನ್ಯಾ ಮತ್ತು ಉಗಾಂಡಾಗಳ ನಡುವೆ ಬುಸಿಯಾ ಎಂಬ ಹೆಸರಿನ ಎರಡು ಊರುಗಳು ಗಡಿಯ ಎರಡು ಬದಿಗಳಲ್ಲಿವೆ. ಮೊದಲು ಇಲ್ಲಿ ಲಾರಿಯು ಕೀನ್ಯಾದ ಕಚೇರಿಯಲ್ಲಿ ಒಮ್ಮೆ ನಿಂತು, ಗಡಿ ದಾಟಿ ಉಗಾಂಡಾದ ಕಚೇರಿಯಲ್ಲಿ ಮತ್ತೊಮ್ಮೆ ನಿಲ್ಲಬೇಕಾಗಿತ್ತು. ಈಗ ತಾನು ಪ್ರವೇಶಿಸುವ ದೇಶದಲ್ಲಿ ಒಮ್ಮೆ ನಿಂತರೆ ಸಾಕು. ಎರಡೂ ದೇಶಗಳ ಅಧಿಕಾರಿಗಳು ಒಂದೇ ಕಟ್ಟಡದಲ್ಲಿ ಕುಳಿತು ಕಾಗದಪತ್ರಗಳನ್ನು ನೋಡುತ್ತಾರೆ. ಕೇಳಲು ಇದು ಸುಲಭ. ಆದರೆ ಕೀನ್ಯಾದ ಅಧಿಕಾರಿಗೆ ಉಗಾಂಡಾದ ನೆಲದಲ್ಲಿ ಕುಳಿತು ಅಪ್ಪಣೆ ಕೊಡಲು ಏನು ಅಧಿಕಾರ? ಆ ಅಧಿಕಾರವನ್ನು ಕೊಡಲೆಂದೇ ಸಮುದಾಯವು 2016ರಲ್ಲಿ ಒಂದು ಶಾಸನವನ್ನು ಮಾಡಬೇಕಾಯಿತು. 2018ರ ಫೆಬ್ರವರಿಯಲ್ಲಿ ಬುಸಿಯಾದ ಕೇಂದ್ರವನ್ನು ಇಬ್ಬರು ಅಧ್ಯಕ್ಷರು ಉದ್ಘಾಟಿಸಿದರು. ತಲೆಯ ಮೇಲೆ ಹೊರೆ ಹೊತ್ತು ಗಡಿ ದಾಟುವ ಸಣ್ಣ ವ್ಯಾಪಾರಿಗಳಿಗಾಗಿ, 2,000 ಡಾಲರ್ ಮೌಲ್ಯದವರೆಗಿನ ಸ್ಥಳೀಯ ಸರಕಿಗೆ ಸರಳವಾದ ಪ್ರಮಾಣಪತ್ರದ ಏರ್ಪಾಡೂ ಆಗಿದೆ.

ಸುಂಕ ಹೋದರೂ ಅಡ್ಡಿಗಳು ಬೇರೆ ರೂಪದಲ್ಲಿ ತಲೆಯೆತ್ತಬಲ್ಲವು. 2021ರ ಮಾರ್ಚ್ ತಿಂಗಳಲ್ಲಿ ಕೀನ್ಯಾವು ಉಗಾಂಡಾ ಮತ್ತು ಟಾಂಜಾನಿಯಾಗಳ ಮುಸುಕಿನ ಜೋಳವನ್ನು ಇದ್ದಕ್ಕಿದ್ದಂತೆ ನಿಷೇಧಿಸಿತು. ಬೂಷ್ಟಿನಿಂದ ಹುಟ್ಟುವ ವಿಷಾಂಶ ಅದರಲ್ಲಿದೆಯೆಂಬುದು ಕೊಟ್ಟ ಕಾರಣ. ಆ ನಾಡಿನಲ್ಲಿ ನಮ್ಮ ಮುದ್ದೆಯನ್ನು ಹೋಲುವ ಉಗಾಲಿಯನ್ನು ಈ ಜೋಳದ ಹಿಟ್ಟಿನಿಂದಲೇ ಮಾಡುತ್ತಾರೆ. ಆದುದರಿಂದ ಆರೋಗ್ಯದ ಚಿಂತೆ ಅಲಕ್ಷಿಸತಕ್ಕದ್ದಲ್ಲ. ಆದರೆ ಮುನ್ಸೂಚನೆಯಿಲ್ಲದೆ ಬಾಗಿಲು ಮುಚ್ಚಿದರೆ, ಬೆಳೆದ ರೈತನ ಗತಿಯೇನು? ಕೆಲವೇ ದಿನಗಳಲ್ಲಿ ನಿಷೇಧ ಹೋಗಿ, ಅದರ ಸ್ಥಾನದಲ್ಲಿ ನೋಂದಣಿ ಮತ್ತು ಪ್ರಮಾಣಪತ್ರದ ನಿಯಮಗಳು ಬಂದವು. ಪರೀಕ್ಷೆಯ ಕ್ರಮವನ್ನು ಎಲ್ಲರೂ ಮೊದಲೇ ಒಪ್ಪಿ, ಎಲ್ಲ ಕಡೆ ಒಂದೇ ರೀತಿಯಲ್ಲಿ ನಡೆಸಿದರೆ ಉಣ್ಣುವವನೂ ಬೆಳೆಯುವವನೂ ಉಳಿಯುತ್ತಾರೆ.

ಒಂದು ರಾಷ್ಟ್ರವು ಮಾತಿಗೆ ತಪ್ಪಿದರೆ ಕೇಳುವವರು ಯಾರು? ಅರುಷಾದಲ್ಲಿ ಸಮುದಾಯದ ನ್ಯಾಯಾಲಯವಿದೆ. ಸದಸ್ಯ ರಾಷ್ಟ್ರದಲ್ಲಿ ವಾಸಿಸುವ ಸಾಮಾನ್ಯ ವ್ಯಕ್ತಿಯೂ ತನ್ನ ಸರ್ಕಾರದ ವಿರುದ್ಧ ಅಲ್ಲಿಗೆ ದೂರು ಕೊಂಡೊಯ್ಯಬಹುದು. ಆದರೆ ತೀರ್ಪನ್ನು ನಡೆಸಿಕೊಡಬೇಕಾದವು ಮತ್ತೆ ಆ ರಾಷ್ಟ್ರಗಳೇ. ಒಂದೇ ನಾಣ್ಯದ ಒಡಂಬಡಿಕೆಗೆ 2013ರಲ್ಲಿಯೇ ಸಹಿಯಾದರೂ, ಅದಕ್ಕೆ ಗೊತ್ತುಮಾಡಿದ್ದ 2024ರ ಗುರಿ ಕೈಗೂಡಲಿಲ್ಲ. ಸಹಿಗೂ ಸಿದ್ಧಿಗೂ ನಡುವೆ ಇರುವ ದೂರವನ್ನು ಇದು ತೋರಿಸುತ್ತದೆ.

ಹೀಗೆ ನೋಡಿದಾಗ, ರಾಷ್ಟ್ರಗಳ ಐಕ್ಯವು ಸಭಾಭವನದಲ್ಲಿ ಹುಟ್ಟಿದರೂ ಅದು ಬೆಳೆಯುವುದು ಸಂಸತ್ತಿನಲ್ಲಿ, ಕಚೇರಿಯಲ್ಲಿ, ಗಡಿಯ ಕಟ್ಟೆಯಲ್ಲಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆ ಇಂದಿಗೂ ಸುಳ್ಳಲ್ಲ. ಅವನ ಕೈಯಲ್ಲಿರುವ ಪುಸ್ತಕವನ್ನು ಕೊಟ್ಟ ಮಾತಿನಂತೆ ತಿದ್ದಿಕೊಟ್ಟರೆ, ಬುಸಿಯಾದ ಗಡಿಯಲ್ಲಿ ಬುಟ್ಟಿ ಹೊತ್ತು ನಿಂತ ಹೆಣ್ಣುಮಗಳು ತನ್ನ ದುಃಖವನ್ನು ಹೇಳಿಕೊಳ್ಳಬೇಕಾದ ಪ್ರಸಂಗವೇ ಬರುವುದಿಲ್ಲ.