ನಿಮಗಿದು ಗೊತ್ತೆ?: ಸ್ಟಾಲಿನ್ ಭಾಷಣಕ್ಕೂ ರೀಟೇಕ್!

1941ರ ನವೆಂಬರ್ 7. ಹಿಟ್ಲರನ ಸೇನೆ ಮಾಸ್ಕೋಗೆ ನೂರು ಕಿಲೋಮೀಟರಿಗಿಂತ ಹತ್ತಿರ ಬಂದು ಕೂತಿತ್ತು. ಆದರೂ ಕೆಂಪು ಚೌಕದಲ್ಲಿ ಕ್ರಾಂತಿಯ ವಾರ್ಷಿಕೋತ್ಸವದ ಸೇನಾ ಪಥಸಂಚಲನ ನಿಲ್ಲಲಿಲ್ಲ.

ವೈಮಾನಿಕ ದಾಳಿಯ ಭಯದಿಂದ ಎಲ್ಲವೂ ಗುಟ್ಟು. ಬೆಳಗ್ಗೆ 8ಕ್ಕೇ ಕವಾಯತು ಶುರು. ಎಡೆಬಿಡದೆ ಸುರಿದ ಹಿಮ ಜರ್ಮನ್ ವಿಮಾನಗಳನ್ನು ದೂರವಿಟ್ಟಿತು. ಕುದುರೆಯೇರಿ ಬಂದು ವಂದನೆ ಸ್ವೀಕರಿಸಿದ್ದು ಮಾರ್ಷಲ್ ಬುಡ್ಯೋನಿ. ಚೌಕ ದಾಟಿದ ಹಲವು ತುಕಡಿಗಳು ಅಲ್ಲಿಂದಲೇ ರಣರಂಗಕ್ಕೆ ಹೊರಟವು. ಸ್ಟಾಲಿನ್ ಲೆನಿನ್ ಸಮಾಧಿಯ ಮೇಲೆ ನಿಂತು ಮಾತಾಡಿದ. ಒಳಗೆ ಲೆನಿನ್ ದೇಹವೇ ಇರಲಿಲ್ಲ. ಜುಲೈನಲ್ಲೇ ಅದನ್ನು ಸೈಬೀರಿಯಾದ ತ್ಯುಮೆನ್‌ಗೆ ಸಾಗಿಸಲಾಗಿತ್ತು.

ಎಡವಟ್ಟಾಗಿದ್ದು ಚಿತ್ರೀಕರಣದಲ್ಲಿ. ಗುಟ್ಟು ಎಷ್ಟಿತ್ತೆಂದರೆ, ಸರ್ಕಾರಿ ಕ್ಯಾಮೆರಾ ತಂಡಕ್ಕೇ ಭಾಷಣ ತಪ್ಪಿಹೋಯಿತು!

ಮುಂದೆ ಕ್ರೆಮ್ಲಿನ್ ಸಭಾಂಗಣದಲ್ಲಿ ಸಮಾಧಿಯ ಸೆಟ್ ಹಾಕಲಾಯಿತು. ಸ್ಟಾಲಿನ್ ಅದೇ ಭಾಷಣವನ್ನು ಮತ್ತೊಮ್ಮೆ ಮಾಡಿದ. ಆ ದೃಶ್ಯವನ್ನು ಸೂಕ್ಷ್ಮವಾಗಿ ನೋಡಿದರೆ ಗುಟ್ಟು ರಟ್ಟಾಗುತ್ತದೆ: ಕೊರೆಯುವ ಚಳಿಯಲ್ಲಿ ಬಾಯಿಂದ ಹೊರಡಬೇಕಿದ್ದ ಆವಿಯೇ ಕಾಣುವುದಿಲ್ಲ.

ಪಥಸಂಚಲನದ ದೃಶ್ಯಗಳು ಮಾಸ್ಕೋ ಕದನದ ಸಾಕ್ಷ್ಯಚಿತ್ರವೊಂದಕ್ಕೆ ಸೇರಿದವು. ‘ಮಾಸ್ಕೋ ಸ್ಟ್ರೈಕ್ಸ್ ಬ್ಯಾಕ್’ ಹೆಸರಿನ ಅದರ ಅಮೆರಿಕನ್ ಆವೃತ್ತಿಗೆ 1943ರಲ್ಲಿ ಆಸ್ಕರ್ ಪ್ರಶಸ್ತಿಯೂ ಬಂತು.